ಕ್ಯಾಲ್ಸಿಯಂ ಸ್ಕೋರ್ 212 ಬಂದಿದೆ, ಆಂಜಿಯೋಗ್ರಾಂ ಬೇಕಾ?

ಪ್ರಶ್ನೆ: ನನಗೆ 54 ವರ್ಷ. ಸಿಂಧನೂರು ಹತ್ತಿರ ಭತ್ತದ ಗದ್ದೆ ಇದೆ. ಶುಗರ್ ಇದೆ, ಎದೆನೋವು ಇಲ್ಲ. ಮಗ ಒತ್ತಾಯ ಮಾಡಿ ಬಳ್ಳಾರಿಯಲ್ಲಿ ಚೆಕಪ್ ಮಾಡಿಸಿದ. ಸಿಟಿ ಸ್ಕ್ಯಾನ್‌ನಲ್ಲಿ ಹೃದಯದ ಕ್ಯಾಲ್ಸಿಯಂ ಸ್ಕೋರ್ 212 ಅಂತ ಬಂದಿದೆ. ಅಂದರೆ ಬ್ಲಾಕ್ ಆಗಿದೆಯಾ? ಆಂಜಿಯೋಗ್ರಾಂ ಮಾಡಿಸಬೇಕಾ? ನಮ್ಮ ಬೋರ್ ನೀರು ಗಡಸು. ಊಟ ಆದ ಮೇಲೆ ಎಲೆ-ಅಡಿಕೆ, ಸುಣ್ಣ, ತಂಬಾಕು ಬೇಕೇ ಬೇಕು. ಆ ಸುಣ್ಣವೇ ನಾಳದಲ್ಲಿ ಕೂತಿತಾ?
- ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಮೊದಲು ಸುಣ್ಣದ ಮಾತು ಮುಗಿಸೋಣ. ಗಡಸು ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ನಾಳದಲ್ಲಿ ಆಗುವುದು ಅದಲ್ಲ. ಕೊಬ್ಬು ನಾಳದ ಗೋಡೆಯ ಒಳಗೇ ಸೇರುತ್ತದೆ. ಅಲ್ಲಿ ಉರಿಯೂತವಾಗಿ, ವರ್ಷಗಟ್ಟಲೆ ಕಳೆದ ಮೇಲೆ ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ನೀರು, ಹಾಲು, ಎಲೆಗೆ ಹಚ್ಚುವ ಸುಣ್ಣ ಇದಕ್ಕೆ ಕಾರಣವಲ್ಲ. ಆದರೆ ಎಲೆಯ ಜೊತೆಗಿನ ತಂಬಾಕು ಹೃದಯಕ್ಕೂ ಕೆಟ್ಟದ್ದು, ಅದನ್ನು ಇವತ್ತೇ ಬಿಡಿ.

ಈ ಸ್ಕೋರ್ ಲೆಕ್ಕ ಹಾಕುವ ವಿಧಾನ 1990ರಲ್ಲಿ ಬಂತು. ಅದನ್ನು ರೂಪಿಸಿದ ವೈದ್ಯರ ಹೆಸರಲ್ಲಿ ಅಗಾಟ್‌ಸ್ಟನ್ ಸ್ಕೋರ್ ಅಂತಾರೆ. 100 ದಾಟಿದರೆ ಗಂಭೀರವಾಗಿ ತಗೋಬೇಕು, 300 ದಾಟಿದರೆ ಇನ್ನೂ ಜಾಸ್ತಿ. ಹೃದಯದ ಎಲ್ಲ ನಾಳಗಳ ಗೋಡೆಯಲ್ಲಿರುವ ಕ್ಯಾಲ್ಸಿಯಂ ಸೇರಿಸಿದ ಮೊತ್ತ ಇದು. ಯಾವ ನಾಳ ಎಷ್ಟು ಕಿರಿದಾಗಿದೆ ಅಂತ ಇದು ಹೇಳುವುದಿಲ್ಲ. ಗೋಡೆಯಲ್ಲಿ ಕೊಬ್ಬು ಬೆಳೆದಾಗ ನಾಳ ಮೊದಲು ಹೊರಗಡೆಗೆ ಹಿಗ್ಗುತ್ತದೆ. ಹಾಗಾಗಿ ಗೋಡೆ ಹಾಳಾಗಿದ್ದರೂ ರಕ್ತ ಹರಿಯುವ ದಾರಿ ಸಾಕಷ್ಟು ಅಗಲವಾಗಿಯೇ ಇರಬಹುದು. ಆದರೆ ಸ್ಕೋರ್ ಏರಿದಷ್ಟೂ ಎಲ್ಲೋ ಒಂದು ಕಡೆ ಬ್ಲಾಕ್ ಇರುವ ಸಾಧ್ಯತೆ, ಮುಂದೆ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆ ಎರಡೂ ಏರುತ್ತವೆ. ಇನ್ನೊಂದು ಮಾತು: ಕ್ಯಾಲ್ಸಿಯಂ ಕೂರದ ಮೆತ್ತನೆಯ ಕೊಬ್ಬು ಈ ಸ್ಕ್ಯಾನಿಗೆ ಕಾಣುವುದೇ ಇಲ್ಲ. ಸೊನ್ನೆ ಬಂದರೂ ಶುಗರ್ ಇದ್ದವರು, ಬೀಡಿ ಸಿಗರೇಟು ಸೇದುವವರು ಪೂರ್ತಿ ನಿಶ್ಚಿಂತರಲ್ಲ.

ಬರೀ 212 ನೋಡಿ ಆಂಜಿಯೋಗ್ರಾಂಗೆ (ನಾಳಕ್ಕೆ ಔಷಧ ಬಿಟ್ಟು ಬ್ಲಾಕ್ ನೋಡುವ ಪರೀಕ್ಷೆ) ಓಡಬೇಡಿ. ತೊಂದರೆಯೇ ಇಲ್ಲದವರಿಗೆ ಸುಮ್ನೆ ಸ್ಟೆಂಟ್ (ಕಿರಿದಾದ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದರೆ ಮುಂದಿನ ಅಟ್ಯಾಕ್ ತಪ್ಪುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಶುಗರ್ ಇದ್ದವರಿಗೆ ಎದೆನೋವೇ ಬಾರದಿರಬಹುದು. ಬದುವಿನ ಮೇಲೆ ನಡೆಯುವಾಗ, ಗೊಬ್ಬರದ ಚೀಲ ಎತ್ತುವಾಗ ಮೊದಲಿಗಿಂತ ಬೇಗ ಏದುಸಿರು ಬರುತ್ತಿದೆಯಾ? ಎದೆ ಬಿಗಿದಂತೆ, ದವಡೆ ಹಿಡಿದಂತೆ ಆಗುತ್ತದಾ? ಹೌದು ಅಂದರೆ ತಡ ಮಾಡದೆ ಹೃದ್ರೋಗ ತಜ್ಞರಿಗೆ ತೋರಿಸಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಇಸಿಜಿ) ನೋಡಿ ಆಂಜಿಯೋಗ್ರಾಂ ಬೇಕಾ ಬೇಡವಾ ಅಂತ ಅವರು ಹೇಳುತ್ತಾರೆ. ಕೂತಲ್ಲೇ ಎದೆ ಹಿಂಡಿ ಬೆವರು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇದ್ಯಾವುದೂ ಇಲ್ಲ ಅಂದರೂ ನಿಮಗೆ ಔಷಧಿ ಬೇಕು. ಮುಖ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ. ಶುಗರ್ ಮತ್ತು ಈ ಸ್ಕೋರ್ ಎರಡೂ ಇರುವುದರಿಂದ ವೈದ್ಯರು ಬಹುಶಃ ಅದನ್ನೇ ಬರೆಯುತ್ತಾರೆ. ಆಸ್ಪಿರಿನ್ ಮಾತ್ರ ನೀವಾಗೇ ಶುರು ಮಾಡಬೇಡಿ, ಕೆಲವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತದೆ.

ಮುಂದಿನ ವರ್ಷ ಮಗ ಮತ್ತೆ ಇದೇ ಸ್ಕ್ಯಾನ್ ಮಾಡಿಸೋಣ ಅಂದರೆ ಬೇಡ ಅನ್ನಿ. ಸ್ಟ್ಯಾಟಿನ್ ತಗೊಂಡಾಗ ಮೆತ್ತನೆಯ ಕೊಬ್ಬಿನಲ್ಲಿ ಕ್ಯಾಲ್ಸಿಯಂ ಕೂತು ಅದು ಗಟ್ಟಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ಸ್ಕೋರ್ ಏರಿದಂತೆ ಕಂಡು ಮನೆಮಂದಿಯೆಲ್ಲ ಹೆದರುತ್ತಾರೆ. ಆ ದುಡ್ಡಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ.