ತಾರ ಷಡ್ಜ, ಅಂದರೆ ಮೇಲಿನ ಸಾ, ಸಲೀಸಾಗಿ ಹತ್ತಲು ದಿನಕ್ಕೆ ಎಷ್ಟು ಗಂಟೆ ರಿಯಾಜ್ ಮಾಡಬೇಕು?

ಗಂಟೆ ಲೆಕ್ಕ ಬಿಡಿ. ಯಾವ ಶ್ರುತಿಯಲ್ಲಿ, ಅಂದರೆ ನಿಮ್ಮ ಸಾ ಎಷ್ಟು ಎತ್ತರದಲ್ಲಿಟ್ಟು, ಹಾಡುತ್ತೀರಿ ಅಂತ ನೀವು ಬರೆದೇ ಇಲ್ಲ. ನನ್ನನ್ನೂ ಆಗ ಯಾರೂ ಅದನ್ನು ಕೇಳಿರಲಿಲ್ಲ.

ಧಾರವಾಡದಿಂದ ಪುಣೆಗೆ ಕೆಲಸಕ್ಕೆ ಬಂದ ಹೊಸತು. ಕೋಥ್ರೂಡ್‌ನ ಬಾಡಿಗೆ ರೂಮಿನಲ್ಲಿ ಬೆಳಿಗ್ಗೆ ಎದ್ದವನೇ ಮೊಬೈಲ್ ತಂಬೂರಿ ಹಚ್ಚಿ ಕೂರುತ್ತಿದ್ದೆ. ಶ್ರುತಿ ಕರಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಯಾಕೆ? ನನಗೆ ಇಷ್ಟವಾದ ಒಂದು ರೆಕಾರ್ಡಿಂಗ್ ಆ ಶ್ರುತಿಯಲ್ಲಿತ್ತು, ಅಷ್ಟೇ. ಅದರ ಜೊತೆ ಹಾಡಿ ಹಾಡಿ ಅದೇ ನನ್ನದು ಅಂದುಕೊಂಡೆ. ಮಧ್ಯ ಸಪ್ತಕದಲ್ಲಿ, ಅಂದರೆ ನಡುವಿನ ಏಳು ಸ್ವರಗಳಲ್ಲಿ, ಏನೂ ಗೊತ್ತಾಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಅದರ ಕೊನೆಯ ಸ್ವರ ನಿಷಾದ ದಾಟುತ್ತಿದ್ದ ಹಾಗೆ ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ನಾಲಿಗೆಯ ಬುಡ ಬಿಗಿಯುತ್ತದೆ. ಸ್ವರ ಸಿಗುತ್ತದೆ, ಆದರೆ ಕೂಗಿದರೆ ಮಾತ್ರ. ನಾನು ಅಭ್ಯಾಸ ಸಾಲದು ಅಂತ ಇನ್ನೂ ಜಾಸ್ತಿ ಕೂಗಿದೆ. ದನಿ ಒಡೆದರೆ ಬಿಸಿನೀರು, ಜ್ಯೇಷ್ಠಮಧು, ಮತ್ತೆ ಕೂಗು. ಕೊನೆಗೆ ಆಫೀಸ್ ಮೀಟಿಂಗಿನಲ್ಲಿ ಒಂದು 'ಹಲೋ' ಕೂಡ ಹೊರಡಲಿಲ್ಲ. ಗಂಟಲು ಡಾಕ್ಟರು ಕ್ಯಾಮೆರಾ ಇಳಿಸಿ ತೋರಿಸಿದರು. ಧ್ವನಿತಂತುಗಳ ಅಂಚು ಎರಡೂ ಕಡೆ ಊದಿತ್ತು. ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ ಅಂದರು.

ಹಾಡುವ ಹಾಗಿಲ್ಲ, ಕೇಳೋಣ ಅಂತ ಆ ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಸಂಗೀತ ಮಹೋತ್ಸವಕ್ಕೆ ಹೋದೆ. ನಮ್ಮ ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ್ದಲ್ವಾ ಅದು. ಜನ ಚಹಾಕ್ಕೆ ಏಳುವ ಹೊತ್ತಿನಲ್ಲಿ ಸುಮ್ನೆ ವೇದಿಕೆ ನೋಡುತ್ತಾ ಕೂತಿದ್ದೆ. ಒಬ್ಬರು ಎದ್ದು ಇನ್ನೊಬ್ಬರು ಬಂದರೆ ಅವರ ಶ್ರುತಿಗೆ ಕೂಡಿಸಲು ತಂಬೂರಿಯ ಬಿರಡೆ ಮತ್ತೆ ತಿರುಗುತ್ತದೆ, ತಂತಿಯ ಮಣಿ ಸರಿಯುತ್ತದೆ, ತಬಲಾಕ್ಕೆ ಸುತ್ತಿಗೆ ಬೀಳುತ್ತದೆ. ಅಷ್ಟು ದೊಡ್ಡವರೇ ಇನ್ನೊಬ್ಬರ ಷಡ್ಜದಲ್ಲಿ ಹಾಡುವುದಿಲ್ಲ! ಗಂಟಲು ವಾಸಿಯಾದ ಮೇಲೆ ನಾನು ಮೂರು ಮನೆ ಇಳಿದು ಬಿಳಿ ಒಂದಕ್ಕೆ, ಅಂದರೆ ಮೊದಲ ಬಿಳಿ ಮನೆಗೆ, ಬಂದೆ. ಮೇಲಿನ ಸಾ ಹತ್ತಲು ಬೇರೆ ಯಾವ ಉಪಾಯವನ್ನೂ ಮಾಡಿಲ್ಲ.

ಪೇಟಿ (ಹಾರ್ಮೋನಿಯಂ) ಇದ್ದರೆ ಮುಂದಿಟ್ಟುಕೊಂಡು ಕೂರಿ. ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪಾ, ಸ್ಪಷ್ಟವಾಗಿ ಕೇಳಬೇಕು, ತಾರ ಸಪ್ತಕದ, ಅಂದರೆ ಮೇಲಿನ ಸಪ್ತಕದ, ಪಂಚಮ ಕೂಗದೆ ಸಿಗಬೇಕು. ಎರಡೂ ಆಗುವ ಮನೆಯೇ ನಿಮ್ಮ ಸಾ. ಬೆಳಿಗ್ಗೆ ಮೇಲೆ ಹತ್ತುವ ಸಾಹಸ ಬೇಡ, ಖರ್ಜ ಮಾಡಿ. ಮಂದ್ರದಲ್ಲಿ ಒಂದೊಂದೇ ಸ್ವರ, ಉಸಿರು ಇರುವಷ್ಟು ಹೊತ್ತು, ಮೆಲ್ಲಗೆ. ದಿನಕ್ಕೆ 20 ನಿಮಿಷ ಆದರೂ ನಡೆಯುತ್ತದೆ. ಕೂತ ಗಂಟಲು ಮೂರು ವಾರ ಕಳೆದರೂ ಏಳದಿದ್ದರೆ ಕಷಾಯ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಈಗ ನಿಮ್ಮ ಶ್ರುತಿ ಯಾವುದು, ಅದನ್ನು ಯಾರು ಗೊತ್ತು ಮಾಡಿದ್ದು, ಬರೆಯಿರಿ.