ಎರಡನೇ ಮಹಾಯುದ್ಧದಲ್ಲಿ ಸರಕು ಹಡಗಿನ ಜೊತೆ ಮುಳುಗಿಹೋದ ಭಾರತೀಯ ಖಲಾಸಿಯ ಹೆಸರು ಯಾವ ಸ್ಮಾರಕದಲ್ಲಿರುತ್ತದೆ?

ವಾಣಿಜ್ಯ ನಾವಿಕರಿಗಾಗಿ ಲಂಡನ್ನಿನಲ್ಲಿರುವ ಟವರ್ ಹಿಲ್ ಸ್ಮಾರಕದಲ್ಲಿ ಸಿಗಲಿಲ್ಲವೆಂದು ಕೈಬಿಡಬೇಡಿ. ಸಮುದ್ರದಲ್ಲೇ ಕಣ್ಮರೆಯಾದ ಭಾರತೀಯ ನಾವಿಕರನ್ನು ಮುಂಬೈ/ಚಿತ್ತಗಾಂಗ್ 1939–1945 ಸ್ಮಾರಕದಲ್ಲಿ ದಾಖಲಿಸಲಾಗಿದೆ. ಇದು ಕಲ್ಲಿನ ಗೋಡೆಯಲ್ಲ, ಹೆಸರುಗಳ ಪುಸ್ತಕ. ವಾಣಿಜ್ಯ ಹಡಗುಗಳ ಸುಮಾರು 6,000 ಜನರ ಹೆಸರು ಅದರಲ್ಲಿದೆ.

ಯುದ್ಧದಲ್ಲಿ ಮಡಿದವರ ದಾಖಲೆ ಇಡುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ (CWGC) ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಹೆಸರಿನಿಂದ ಶುರುಮಾಡಿದರೆ ಸೋಲುವುದೇ ಹೆಚ್ಚು. ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಹಾಗಾಗಿ ಮೊದಲು ಹಡಗಿನ ಹೆಸರು, ಮುಳುಗಿದ ದಿನಾಂಕ ಹಾಕಿ, ಬಂದ ಪಟ್ಟಿಯಲ್ಲಿ ತಂದೆಯ ಹೆಸರು, ಊರು, ಹುದ್ದೆ ಹೊಂದಿಸಿ ನೋಡಿ. ಹಡಗು ಯಾವುದೆಂದು ತಿಳಿಯದಿದ್ದರೆ ಮನೆಯಲ್ಲಿರುವ ಡಿಸ್ಚಾರ್ಜ್ ಪುಸ್ತಕ (ನಾವಿಕನ ಸೇವಾ ದಾಖಲೆ), ಪಿಂಚಣಿ ಕಾಗದ, ಪದಕದ ಪೆಟ್ಟಿಗೆ ತೆಗೆದು ನೋಡಿ. ಹಳೆಯ ಪೆಟ್ಟಿಗೆಯನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಆಯೋಗದ ಒಂದು ನಿಯಮ ನೆನಪಿರಲಿ: ವಾಣಿಜ್ಯ ನಾವಿಕರ ಸಾವು ಯುದ್ಧದ ಕಾರಣದಿಂದಲೇ ಆಗಿರಬೇಕು. ಹಡಗಿನಲ್ಲಿ ಕಾಯಿಲೆಯಿಂದ ತೀರಿಕೊಂಡವರು ಸಾಮಾನ್ಯವಾಗಿ ಪಟ್ಟಿಗೆ ಸೇರುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ; ಕುದಿಯುವ ಬಾಯ್ಲರ್ ಕೋಣೆಯೂ ಯುದ್ಧದ ಭಾಗವೇ ಆಗಿತ್ತು.

ಮೊದಲ ಮಹಾಯುದ್ಧವಾದರೆ ಕೋಲ್ಕತ್ತದ ಹೇಸ್ಟಿಂಗ್ಸ್‌ನಲ್ಲಿರುವ ಲಸ್ಕರ್ (ಅಂದರೆ ಭಾರತೀಯ ಖಲಾಸಿಗಳ) ಸ್ಮಾರಕ ನೋಡಿ. 1924ರಲ್ಲಿ ಅನಾವರಣಗೊಂಡ ಅದು ಬಂಗಾಳ, ಅಸ್ಸಾಂನ 896 ನಾವಿಕರದ್ದು. ಇನ್ನು ಅವರನ್ನು ನೆನೆಯುವ ದಿನದ ಮಾತು: ನಮ್ಮ ಏಪ್ರಿಲ್ 5ರ ಕಡಲಯಾನ ದಿನ ಭಾರತೀಯ ಒಡೆತನದ ‘ಲಾಯಲ್ಟಿ’ ಹಡಗಿನ 1919ರ ಪಯಣದ ನೆನಪು, ಯುದ್ಧದ್ದಲ್ಲ. ಯುದ್ಧದಲ್ಲಿ ಮಡಿದ ವಾಣಿಜ್ಯ ನಾವಿಕರನ್ನು ಬ್ರಿಟನ್ ಸೆಪ್ಟೆಂಬರ್ 3ರಂದು ನೆನೆಯುತ್ತದೆ.