ತಕ್ತ್ಸಾಂಗ್‌ಗೆ ರೋಪ್‌ವೇ ಯಾಕೆ ಬೇಡ: ಮೈಸೂರಿನ ಓದುಗರಿಗೆ

ಮೈಸೂರಿನ ಓದುಗರೊಬ್ಬರು ಬರ್ದಿದಾರೆ: "ಭೂತಾನ್‌ಗೆ ಹೋಗಿದ್ವಿ. ಪಾರೋ ಹತ್ರದ ತಕ್ತ್ಸಾಂಗ್ ಮಠಕ್ಕೆ ಹತ್ತೋಕೆ ಹೊರಟೆ, ಕೆಫೆಟೇರಿಯಾ ತಲುಪೋಷ್ಟ್ರಲ್ಲೇ ಮಂಡಿ ಸೋತೋಯ್ತು, ವಾಪಸ್ ಬಂದೆ. ಒಂದು ರೋಪ್‌ವೇ ಹಾಕ್ಸೋಕೆ ಅವ್ರಿಗೇನು ಕಷ್ಟ?"

ಸರ್, ವಯಸ್ಸಾದೋರಿಗೆ ಅದು ಕಷ್ಟದ ದಾರಿನೇ, ಒಪ್ತೀನಿ. ಆದ್ರೆ ರೋಪ್‌ವೇ ಮಾತ್ರ ದಯವಿಟ್ಟು ಕೇಳ್ಬೇಡಿ. ಬೌದ್ಧ ಗುರು ಪದ್ಮಸಂಭವ 8ನೇ ಶತಮಾನದಲ್ಲಿ ಹೆಣ್ಣುಹುಲಿ ಏರಿ ಹಾರ್ಕೊಂಡು ಬಂದು ಆ ಗವೀಲಿ ಧ್ಯಾನಕ್ಕೆ ಕೂತ್ರು ಅನ್ನೋದು ಅಲ್ಲಿನೋರ ನಂಬಿಕೆ, ಅದಕ್ಕೇ ಅದು ತಕ್ತ್ಸಾಂಗ್, ಅಂದ್ರೆ ಹುಲಿಗವಿ. ಯಾರೂ ಸುಲಭಕ್ಕೆ ಬರೋಕಾಗದ ಜಾಗ ಅದು. ಮಠ ಎದ್ದಿದ್ದು ಎಷ್ಟೋ ಶತಮಾನ ಆದ್ಮೇಲೆ, 1692ರಲ್ಲಿ, ಆಗ ಭೂತಾನ್ ಆಳ್ತಿದ್ದ ತೆಂಜಿನ್ ರಬ್ಗ್ಯೆ ಕಾಲದಲ್ಲಿ, ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ ಬಂಡೆಗೆ ಅಂಟ್ಕೊಂಡ ಹಾಗೆ. 1998ರಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟೋಯ್ತು. ಮತ್ತೆ ಹಳೇ ರೂಪದಲ್ಲೇ ಕಟ್ಟಿ 2005ರ ಹೊತ್ತಿಗೆ ನಿಲ್ಲಿಸಿದ್ರು ನೋಡಿ, ಆಗ್ಲೂ ಬಾಗಿಲ ತನಕ ಕಾರ್ ಬರೋ ರಸ್ತೆ ಮಾಡ್ಲಿಲ್ಲ!

ನಾನು ಹತ್ತಿದಾಗ ಏನಾಯ್ತು ಗೊತ್ತಾ, ಎದುರು ಬಂಡೆ ಮೇಲೆ ನಿಂತ್ರೆ ಮಠ ಕೈಗೇ ಸಿಗೋ ಹಾಗಿತ್ತು, ಬಂದೇಬಿಟ್ವಿ ಅನ್ಕೊಂಡೆ, ಅಲ್ಲಿಂದ ಮೆಟ್ಲು ಕೆಳಗಿಳಿಯತ್ತೆ, ಜಲಪಾತದ ಪಕ್ಕ ಸೇತುವೆ ದಾಟಿ ಮತ್ತೆ ಹತ್ತಬೇಕು, ಮೈಯೆಲ್ಲಾ ನೀರಿನ ತುಂತುರು, ಮೇಲೆ ಬಣ್ಣದ ಬಾವುಟಗಳ ಪಟಪಟ. ಒಳಗೆ ಹೋಗೋ ಮುಂಚೆ ಫೋನು ಕ್ಯಾಮೆರಾ ಎಲ್ಲಾ ಕೊಟ್ಬಿಡಬೇಕು. ತುಪ್ಪದ ದೀಪದ ಮುಂದೆ ಕೂತಾಗ ನನ್ನ ಉಸಿರು ನಂಗೇ ಕೇಳಿಸ್ತಿತ್ತು. ಐದು ನಿಮಿಷದಲ್ಲಿ ರೋಪ್‌ವೇ ತೊಟ್ಟಿಲಲ್ಲಿ ಕೂತು ಬಂದಿದ್ರೆ ಆ ಉಸಿರೆಲ್ಲಿಂದ ಬರ್ಬೇಕು ಸರ್?

ಅದೂ ಮೈಸೂರಿನೋರು ನೀವು! ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡ ಅಂತ ದನಿ ಎತ್ತಿದ್ದು ನಿಮ್ಮೂರಿನ ಜನಾನೇ ಅಲ್ವಾ? ನಮ್ಮಜ್ಜಿ ಆ ಸಾವಿರ ಮೆಟ್ಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಕೊಂಡು ಹತ್ತೋರು, ನಂದಿ ಹತ್ರ ಸುಧಾರಿಸ್ಕೊಂಡು ಮತ್ತೆ ಶುರು. ಈಗ ನಮ್ಮಲ್ಲಿ ಬೆಟ್ಟ ಅಂದ್ರೆ ಮೊದಲು ರಸ್ತೆ, ಆಮೇಲೆ ಪಾರ್ಕಿಂಗು, ಆಮೇಲೆ ಪ್ಲಾಸ್ಟಿಕ್ಕು. ಮುಳ್ಳಯ್ಯನಗಿರೀಲಿ ವೀಕೆಂಡ್ ಬಂದ್ರೆ ಕಾರ್‌ಗಳ ಸಾಲು, ಹೊಟ್ಟೆ ಉರಿಯತ್ತೆ.

ನೀವು ವಾಪಸ್ ಬಂದ ಆ ಕೆಫೆಟೇರಿಯಾದಿಂದ ಮಠ ಎದುರಿಗೇ ಕಾಣತ್ತೆ, ಅಲ್ಲೀತನಕ ನಿಮ್ಮ ಕಾಲಲ್ಲೇ ಹೋಗಿದೀರ, ಅದೇನು ಸಣ್ಣದಲ್ಲ. ಮಂಡಿ ಸುಧಾರಿಸಿದ್ಮೇಲೆ ಬೈಲಕುಪ್ಪೆಗೆ ಹೋಗಿ ಬನ್ನಿ, ಅಲ್ಲಿನ ಟಿಬೆಟನ್ ಮಠ ನಾಮ್‌ಡ್ರೋಲಿಂಗ್‌ನ ಚಿನ್ನದ ಬಣ್ಣದ ಮೂರ್ತಿಗಳಲ್ಲಿ ಬುದ್ಧನ ಪಕ್ಕ ಕೂತಿರೋದು ಅದೇ ಪದ್ಮಸಂಭವ ಗುರು.